ಡಯಟ್ ಆರಿಸುವ ಮುಂಚೆ ಮಾತ್ರೆಯ ಡಬ್ಬಿ ನೋಡಿ

ಲೋ ಕಾರ್ಬ್ (ಅನ್ನ, ರೊಟ್ಟಿ, ಸಕ್ಕರೆಯಂಥ ಕಾರ್ಬೋಹೈಡ್ರೇಟ್ ಕಡಿಮೆ) ಮೇಲೋ ಲೋ ಫ್ಯಾಟ್ (ಕೊಬ್ಬು ಕಡಿಮೆ) ಮೇಲೋ ಎಂಬ ಜಗಳಕ್ಕೆ ತೂಕದ ಮಟ್ಟಿಗೆ ಹೆಚ್ಚು ಅರ್ಥವಿಲ್ಲ. ಸ್ಟ್ಯಾನ್‌ಫರ್ಡ್‌ನವರು 609 ಜನರ ಮೇಲೆ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವರ್ಷದ ಕೊನೆಗೆ ಲೋ ಫ್ಯಾಟ್‌ನವರು ಸರಾಸರಿ 5.3 ಕೆ.ಜಿ., ಲೋ ಕಾರ್ಬ್‌ನವರು 6 ಕೆ.ಜಿ. ಇಳಿದಿದ್ದರು. ಏಳುನೂರು ಗ್ರಾಂಗೆ ಪಂಥ ಕಟ್ಟಿಕೊಂಡು ಬಡಿದಾಡಬೇಕಿಲ್ಲ. ನಿಜವಾದ ವ್ಯತ್ಯಾಸ ಕಾಣುವುದು ಶುಗರ್, ಬಿಪಿ, ಕಿಡ್ನಿ ತೊಂದರೆ ಇರುವವರಲ್ಲಿ.

ಕೀಟೋ ಎಂದರೆ ದಿನಕ್ಕೆ ಸುಮಾರು 20ರಿಂದ 50 ಗ್ರಾಂ ಕಾರ್ಬೋಹೈಡ್ರೇಟ್, ಅಷ್ಟೇ. ಮೊದಲ ವಾರವೇ ಎರಡು ಕೆ.ಜಿ. ಇಳಿದರೆ ಹಿಗ್ಗಬೇಡಿ, ಅದರಲ್ಲಿ ಬಹುಪಾಲು ನೀರು. ದೇಹದಲ್ಲಿ ಕೂಡಿಟ್ಟ ಸಕ್ಕರೆಯ ದಾಸ್ತಾನಾದ ಗ್ಲೈಕೋಜನ್ ಗ್ರಾಂ ಒಂದಕ್ಕೆ ಸುಮಾರು 3 ಗ್ರಾಂ ನೀರು ಹಿಡಿದುಕೊಂಡಿರುತ್ತದೆ, ಅದು ಖರ್ಚಾದಂತೆ ನೀರೂ ಹೋಗುತ್ತದೆ. ಇನ್ಸುಲಿನ್ ಇಳಿಯುವುದರಿಂದ ಕಿಡ್ನಿ ಉಪ್ಪನ್ನೂ ಹೆಚ್ಚು ಹೊರಹಾಕುತ್ತದೆ. ಆರಂಭದ ದಿನಗಳ ತಲೆನೋವು, ಮೀನಖಂಡ ಹಿಡಿದುಕೊಳ್ಳುವುದು, ಎದ್ದು ನಿಂತಾಗ ಕಣ್ಣು ಕತ್ತಲೆ ಬರುವುದು ಬಹುಪಾಲು ಇದರಿಂದಲೇ. ಬೇರೆ ಕಾಯಿಲೆ ಇಲ್ಲದವರಿಗೆ ಚಿಟಿಕೆ ಉಪ್ಪು ಹೆಚ್ಚಿಗೆ, ಸಾಕಷ್ಟು ನೀರು, ಅಷ್ಟರಲ್ಲೇ ಮುಗಿಯುತ್ತದೆ. ಬಿಪಿ ಮಾತ್ರೆ, ಅದರಲ್ಲೂ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರು ಉಪ್ಪು ಸುರಿದುಕೊಳ್ಳುವುದಲ್ಲ, ವೈದ್ಯರ ಹತ್ತಿರ ಡೋಸ್ ಇಳಿಸಬೇಕೇ ಎಂದು ಕೇಳಬೇಕು.

ಶುಗರ್ ಇರುವವರಿಗೆ ಕೀಟೋ ಒಳ್ಳೆಯದೋ ಕೆಟ್ಟದ್ದೋ ಎನ್ನುವುದು ಯಾವ ಮಾತ್ರೆ ಎಂಬುದರ ಮೇಲಿದೆ. ಮೆಟ್‌ಫಾರ್ಮಿನ್ ಒಂದೇ ಇದ್ದರೆ ಶುಗರ್ ತೀರಾ ಕುಸಿಯುವ ಭಯ ಕಡಿಮೆ. ಇನ್ಸುಲಿನ್, ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ಇದ್ದರೆ ಕಾರ್ಬ್ ಇಳಿಸಿದ ದಿನವೇ ಶುಗರ್ 70ರ ಕೆಳಗೆ ಜಾರಬಹುದು. ಡೋಸ್ ಮೊದಲು ಬದಲಾಗಬೇಕು, ತಟ್ಟೆ ಆಮೇಲೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ನುಂಗುವವರಿಗಂತೂ ಕೀಟೋ ಬೇಡವೇ ಬೇಡ. ಇವುಗಳ ಜೊತೆ ಸೇರಿದರೆ ಶುಗರ್ ಅಷ್ಟೇನೂ ಏರದೆಯೇ ರಕ್ತ ಆಮ್ಲೀಯವಾಗಬಹುದು. ವಾಂತಿ, ಹೊಟ್ಟೆನೋವು, ಏದುಸಿರು ಶುರುವಾಗಿರುತ್ತದೆ, ಗ್ಲುಕೋಮೀಟರ್ ಮಾತ್ರ 180 ತೋರಿಸುತ್ತಿರುತ್ತದೆ. ‘ಶುಗರ್ ಪರವಾಗಿಲ್ಲವಲ್ಲ’ ಎಂದು ಮನೆಯಲ್ಲೇ ಕೂರುವುದೇ ಇಲ್ಲಿ ಆಗುವ ದೊಡ್ಡ ಎಡವಟ್ಟು.

ಗೌಟ್ (ಯೂರಿಕ್ ಆಸಿಡ್ ಹೆಚ್ಚಾಗಿ ಕೀಲು ಊದಿ ನೋಯುವ ಕಾಯಿಲೆ) ಇರುವವರಿಗೆ ಕೀಟೋದ ಮೊದಲ ವಾರಗಳಲ್ಲಿ ಯೂರಿಕ್ ಆಸಿಡ್ ಏರುತ್ತದೆ. ಕೆಲವರಲ್ಲಿ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಕೂಡ ಜಿಗಿಯುತ್ತದೆ.

16:8 ಉಪವಾಸದ ಲೆಕ್ಕ ಸರಳ: ಎಂಟು ಗಂಟೆಯೊಳಗೆ ಊಟ, ಉಳಿದ ಹೊತ್ತು ನೀರು. ಗಡಿಯಾರಕ್ಕೇ ವಿಶೇಷ ಶಕ್ತಿ ಇದೆ ಎನ್ನುವ ಪ್ರಚಾರ ಮಾತ್ರ ಅತಿಯಾಯಿತು. 2022ರಲ್ಲಿ ಪ್ರಕಟವಾದ 139 ಜನರ ಪ್ರಯೋಗದಲ್ಲಿ ಎರಡೂ ಗುಂಪಿಗೆ ಒಂದೇ ಕ್ಯಾಲೊರಿ ಮಿತಿ ಇತ್ತು, ಒಂದು ಗುಂಪಿಗೆ ಮಾತ್ರ ಹೊತ್ತಿನ ಕಟ್ಟುಪಾಡು. ವರ್ಷದ ಕೊನೆಗೆ ಹೊತ್ತಿನ ಕಟ್ಟುಪಾಡು ಇದ್ದವರು 8 ಕೆ.ಜಿ., ಇಲ್ಲದವರು 6.3 ಕೆ.ಜಿ. ಇಳಿದರೂ ಸಂಖ್ಯಾಶಾಸ್ತ್ರದ ಪ್ರಕಾರ ಗಟ್ಟಿ ವ್ಯತ್ಯಾಸವಲ್ಲ. ರಾತ್ರಿ ಟಿವಿ ಮುಂದೆ ಬಾಯಾಡಿಸುವ ಚಟ ಇರುವವರಿಗೆ ಇದು ಒಳ್ಳೆಯ ಬೇಲಿ, ಉಳಿದವರಿಗೆ ಅಷ್ಟಕ್ಕಷ್ಟೆ. ಎರಡೇ ಊಟವಾದರೆ ಪ್ರೋಟೀನ್ ಕೊರತೆ ಬೀಳಬಹುದು: 70 ಕೆ.ಜಿ. ತೂಕದವರಿಗೆ 80 ಗ್ರಾಂ ಬೇಕೆಂದರೆ ಒಂದೊಂದು ಊಟದಲ್ಲೂ 40 ಗ್ರಾಂ ಇರಬೇಕು. ಇಲ್ಲದಿದ್ದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಕಿಡ್ನಿ ತೊಂದರೆ ಇದ್ದವರು ಈ ಲೆಕ್ಕ ಹಿಡಿಯಬಾರದು, ಡಯಾಲಿಸಿಸ್ ಶುರುವಾಗದವರ ಮಿತಿ ಸಾಮಾನ್ಯವಾಗಿ ಇನ್ನೂ ಕಡಿಮೆ. ಊಟದ ಜೊತೆ ನುಂಗಬೇಕಾದ ಮಾತ್ರೆಗಳ ಹೊತ್ತೂ ಏರುಪೇರಾಗುತ್ತದೆ.

ಡ್ಯಾಶ್ ಡಯಟ್ ಹುಟ್ಟಿದ್ದೇ ಬಿಪಿಗಾಗಿ. ತರಕಾರಿ, ಹಣ್ಣು, ಕಡಿಮೆ ಕೊಬ್ಬಿನ ಹಾಲು, ಕಾಳು, ಇಡೀ ಧಾನ್ಯ, ಸೋಡಿಯಂ 2300 ಮಿ.ಗ್ರಾಂ ಒಳಗೆ (ದಿನವಿಡೀ ಸೇರಿ ಒಂದು ಟೀ ಚಮಚ ಉಪ್ಪು). ತೂಕ ತಾನಾಗಿ ಇಳಿಯುವುದಿಲ್ಲ, ಪ್ರಮಾಣ ಅಳೆಯಲೇಬೇಕು. ‘ಆರೋಗ್ಯಕರ’ ಎಂದು ಬಾಯಿಗೆ ಹಾಕಿಕೊಳ್ಳುವ 30 ಗ್ರಾಂ ಬಾದಾಮಿಯಲ್ಲೇ ಸುಮಾರು 175 ಕ್ಯಾಲೊರಿ. ಆದರೂ ಬಿಪಿ ಇದ್ದು ಕಿಡ್ನಿ ಸರಿಯಿರುವವರಿಗೆ ನಾವು ಮೊದಲು ಹೇಳುವುದು ಇದನ್ನೇ. ಕಿಡ್ನಿ ಸೋತಿದ್ದರೆ ಇದರ ಪೊಟ್ಯಾಸಿಯಂ ಅಪಾಯ. ‘ಲೋ ಸೋಡಿಯಂ’ ಉಪ್ಪಿನ ಪೊಟ್ಟಣವನ್ನು ತಿರುಗಿಸಿ ಓದಿ: ಸೋಡಿಯಂ ಬದಲು ಸಾಮಾನ್ಯವಾಗಿ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ದೇಹದಲ್ಲಿ ಪೊಟ್ಯಾಸಿಯಂ ಉಳಿಸುವ ಬಿಪಿ ಮಾತ್ರೆಗಳಾದ ಟೆಲ್ಮಿಸಾರ್ಟನ್, ರಾಮಿಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ನುಂಗುವವರು ಕೇಳದೆ ಬಳಸಬಾರದು.

ಊಟದ ಬದಲು ಶೇಕ್ ಕುಡಿದು ದಿನಕ್ಕೆ 800 ಚಿಲ್ಲರೆ ಕ್ಯಾಲೊರಿಯಲ್ಲಿ ಇರುವ ಪದ್ಧತಿ ಬೇಗ ಇಳಿಸುತ್ತದೆ, ಆದರೆ ವೈದ್ಯರ ನಿಗಾ ಇಲ್ಲದೆ ಬೇಡ. ವಾರಕ್ಕೆ ಒಂದೂವರೆ ಕೆ.ಜಿ.ಗಿಂತ ವೇಗವಾದರೆ ಪಿತ್ತಕೋಶದಲ್ಲಿ ಕಲ್ಲು ಕಟ್ಟುವ ಸಾಧ್ಯತೆ ಹೆಚ್ಚು.

ಯಾವುದನ್ನೇ ಹಿಡಿಯಿರಿ, ಮೊದಲು ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಶುಗರ್ ಸರಾಸರಿ), ಕ್ರಿಯಾಟಿನಿನ್ (ಕಿಡ್ನಿ), ಪೊಟ್ಯಾಸಿಯಂ, ಲಿಪಿಡ್ (ಕೊಲೆಸ್ಟ್ರಾಲ್), ಯೂರಿಕ್ ಆಸಿಡ್, ಟಿಎಸ್‌ಎಚ್ (ಥೈರಾಯ್ಡ್) ರಕ್ತಪರೀಕ್ಷೆ ಮಾಡಿಸಿ, 12 ವಾರಕ್ಕೆ ಮತ್ತೆ ಮಾಡಿಸಿ. ಬೆಳಿಗ್ಗೆ ಶೌಚ ಮುಗಿಸಿ ತೂಕ ನೋಡಿ, ಏಳು ದಿನದ ಸರಾಸರಿಯನ್ನು ಮಾತ್ರ ಬರೆದಿಡಿ. ಮುಟ್ಟಿನ ಆಸುಪಾಸಿನಲ್ಲಿ ನೀರು ನಿಂತು ಕೆಲವರಿಗೆ ಒಂದು ಕೆ.ಜಿ.ಗೂ ಮೇಲೆ ಏರುತ್ತದೆ. ಅಂಥವರು ಹಿಂದಿನ ವಾರದ ಜೊತೆ ಅಲ್ಲ, ಹಿಂದಿನ ತಿಂಗಳ ಅದೇ ವಾರದ ಜೊತೆ ಹೋಲಿಸಬೇಕು.