ವಿಜಯಪುರದ ಅಣಕು ಆಯ್ಕೆ ಶಿಬಿರ: ಸಂದರ್ಶನಕ್ಕೆ ಎಂಬತ್ತು ನಿಮಿಷ, ತಕರಾರಿಗೆ ಕಾಲು ತಾಸು

ಹಿಂದೆ ನಡೆದ ದೌರ್ಜನ್ಯಗಳ ನಿಜ ಸಂಗತಿ ವಿಚಾರಿಸುವ ಸತ್ಯ ಮತ್ತು ಸಾಮರಸ್ಯ ಆಯೋಗಕ್ಕೆ ಸದಸ್ಯರನ್ನು ಹೇಗೆ ಆರಿಸಬೇಕು ಅಂತ ಕಲಿಸುವ ಒಂದು ದಿನದ ಶಿಬಿರ ಇದು. ಜಾಗ ವಿಜಯಪುರದ ಸ್ಟೇಷನ್ ರಸ್ತೆ ಹತ್ತಿರ, ಶುಲ್ಕ ಊಟ ಸೇರಿ 400 ರೂಪಾಯಿ. ಬರುವವರಲ್ಲಿ ಕಾನೂನು ವಿದ್ಯಾರ್ಥಿಗಳೇ ಹೆಚ್ಚು, ಜೊತೆಗೆ ನಾಲ್ಕಾರು ಹೊಸ ವಕೀಲರು, ಪಂಚಾಯ್ತಿ ಸದಸ್ಯರು. ಭಾಷಣ ಅರ್ಧ ತಾಸಿಗೆ ಮುಗಿಯುತ್ತದೆ. ಉಳಿದ ಹೊತ್ತೆಲ್ಲ ಕಾರ್ಡು, ಅಂಕಪಟ್ಟಿ, ವಾದ. ಇಷ್ಟಕ್ಕೇ ಅರ್ಧ ದುಡ್ಡು ವಸೂಲು.

ಆಟದ ಕತೆ ಇದು: ಆಣೆಕಟ್ಟಿನ ಹಿನ್ನೀರಿಗೆ ಸಿಕ್ಕ ಒಂದು ಕಲ್ಪಿತ ಊರು. ಒಕ್ಕಲೆಬ್ಬಿಸುವಾಗ ಲಾಠಿ ಬೀಸಿದ್ದು, ಗೋಲಿಬಾರು, ಆಮೇಲೆ ಕಡತಗಳೇ ಕಾಣೆ. ಇದನ್ನೆಲ್ಲ ವಿಚಾರಿಸಲು ಏಳು ಮಂದಿಯ ಆಯೋಗ ಆಗಬೇಕು. 36 ಕಾರ್ಡುಗಳಲ್ಲಿ 36 ಅರ್ಜಿದಾರರಿದ್ದಾರೆ. ಐವರ ಆಯ್ಕೆ ಸಮಿತಿ ಅದನ್ನು ಹತ್ತಕ್ಕೆ ಇಳಿಸಿ, ಹತ್ತೂ ಮಂದಿಯನ್ನು ಎಲ್ಲರೆದುರೇ ತಲಾ ಎಂಟು ನಿಮಿಷ ಸಂದರ್ಶಿಸಿ, ತಕರಾರು ಕೇಳಿ, ಏಳು ಹೆಸರು ಕೊಡಬೇಕು.

ಊರಿನ ಆಯ್ಕೆ ಜಾಣತನದ್ದು. ಆಲಮಟ್ಟಿ ಸೀಮೆಯವರಿಗೆ ಮುಳುಗಡೆ ಅಂದರೇನು ಅಂತ ಯಾರೂ ಬಿಡಿಸಿ ಹೇಳಬೇಕಿಲ್ಲ. ಅಂಥ ಊರಲ್ಲಿ ಒಬ್ಬ ಪರಿಹಾರ ತಗೊಂಡಿರುತ್ತಾನೆ, ಇನ್ನೊಬ್ಬನ ದಾವೆ ಇನ್ನೂ ಕೋರ್ಟಿನಲ್ಲಿರುತ್ತದೆ, ಮತ್ತೊಬ್ಬನ ಅಳಿಯ ಸರ್ವೇ ಇಲಾಖೆಯವ. ಯಾವ ನಂಟೂ ಇಲ್ಲದವರೇ ಬೇಕು ಅಂತ ಹೊರಟರೆ ಬೆಂಗಳೂರಿನವರಷ್ಟೇ ಉಳಿಯುತ್ತಾರೆ, ಅವರಿಗೆ ಹಿನ್ನೀರು ಯಾವ ಕಡೆ ಅಂತಲೂ ಗೊತ್ತಿರೋದಿಲ್ಲ. ನೊಂದವರು ಸದಸ್ಯರಾಗಬಹುದು, ತಾವೇ ಮಾಡಿದ ಕೆಲಸ ವಿಚಾರಣೆಗೆ ಬರುವವರು ಆಗಬಾರದು. ಈ ಗೆರೆಯನ್ನು ಬೆಳಗಿನ ಅವಧಿ ಚೆನ್ನಾಗಿ ಎಳೆದು ತೋರಿಸುತ್ತದೆ.

ಮಧ್ಯಾಹ್ನ ಅದೇ ಗೆರೆಯನ್ನು ಅಂಕಪಟ್ಟಿ ಅಳಿಸಿ ಹಾಕುತ್ತದೆ. ಒಟ್ಟು 50 ಅಂಕ: ಅನುಭವ, ಪ್ರಾಮಾಣಿಕತೆ, ಭಾಷೆ, ಬಿಡುವು, ಹಿತಾಸಕ್ತಿ ಇಲ್ಲದಿರುವುದು, ಒಂದೊಂದಕ್ಕೂ ಹತ್ತು. 14ನೇ ಕಾರ್ಡು ನೋಡಿ. ಮುಂಬದಿಯಲ್ಲಿ ನಿವೃತ್ತ ಭೂಸ್ವಾಧೀನಾಧಿಕಾರಿ, 31 ವರ್ಷ ಸೇವೆ, ಒಂದು ಕಪ್ಪುಚುಕ್ಕೆ ಇಲ್ಲ. ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಒಂದೇ ಸಾಲು: ಇದೇ ಊರಿನ ಪರಿಹಾರ ಪಟ್ಟಿಗೆ ಇವರದೇ ಸಹಿ. ಹಿತಾಸಕ್ತಿಯ ಕಾಲಂನಲ್ಲಿ ಸೊನ್ನೆ ಬಿದ್ದರೂ ಉಳಿದ ನಾಲ್ಕರಲ್ಲಿ 38 ಗಳಿಸಿ ಅವರು ಆರಾಮಾಗಿ ಪಾಸಾಗುತ್ತಾರೆ. ಹಿತಾಸಕ್ತಿಗೆ ಅಂಕ ಇಡಲೇಬಾರದು. ಅದು ಹೌದು-ಇಲ್ಲ ಎಂಬ ಪ್ರಶ್ನೆ, ಅರ್ಜಿಯ ಹಂತದಲ್ಲೇ ಲಿಖಿತ ಘೋಷಣೆ ಪಡೆದು ಇತ್ಯರ್ಥ ಮಾಡಬೇಕು.

ಇದು ಬರೀ ಕಾರ್ಡಿನ ಮಾತಲ್ಲ. ಕೀನ್ಯಾದಲ್ಲಿ 2009ರಲ್ಲಿ ಇಂಥದೇ ಆಯೋಗ ರಚನೆಯಾದ ಮೇಲೆ, ಅದರ ಅಧ್ಯಕ್ಷ ಬೆಥುವೆಲ್ ಕಿಪ್ಲಗಾಟ್ ಹಿಂದೆ ಸರ್ಕಾರಿ ಅಧಿಕಾರದಲ್ಲಿದ್ದ ಕಾಲದ ಸಂಗತಿಗಳೇ ವಿಚಾರಣೆಗೆ ಬರುತ್ತವೆ ಎಂಬ ತಕರಾರು ಎದ್ದಿತು. ತಪ್ಪು ಮಾಡಿಲ್ಲ ಎಂದರು ಅವರು. ಆದರೆ 2010ರಲ್ಲಿ ಉಪಾಧ್ಯಕ್ಷೆ ಬೆಟ್ಟಿ ಮುರುಂಗಿ ಹುದ್ದೆ ಬಿಟ್ಟರು, ಅದೇ ನವೆಂಬರ್‌ನಲ್ಲಿ ಅಧ್ಯಕ್ಷರೂ ಬದಿಗೆ ಸರಿದು 2012ರಲ್ಲಿ ಮರಳಿದರು. ಸಾಕ್ಷಿ ಕೇಳಬೇಕಾದ ಹೊತ್ತು ತಮ್ಮದೇ ಜಗಳಕ್ಕೆ ಹೋಯಿತು. ಶಿಬಿರದಲ್ಲಿ ಈ ಉದಾಹರಣೆ ಇದೆ, ಆದರೂ ತಕರಾರಿಗೆ ಇಟ್ಟಿದ್ದು 15 ನಿಮಿಷ. ಹತ್ತು ಹೆಸರಿಗೆ ಹಂಚಿದರೆ ತಲಾ ಒಂದೂವರೆ ನಿಮಿಷ. ಸಭಾಂಗಣವೂ ಗೋಳಗುಮ್ಮಟದ ತಮ್ಮನೇ: ತಕರಾರು ಏಳು ಸಲ ಕೇಳಿಸುತ್ತದೆ, ಒಂದು ಸಲವೂ ಟಿಪ್ಪಣಿಗೆ ಇಳಿಯುವುದಿಲ್ಲ. ಹತ್ತು ಹೆಸರನ್ನು ಊಟಕ್ಕೆ ಮೊದಲೇ ಗೋಡೆಗೆ ಹಚ್ಚಿ, ತಕರಾರನ್ನು ಚೀಟಿಯಲ್ಲಿ ಬರೆಸಿಕೊಂಡು, ಸಂದರ್ಶನದಲ್ಲೇ ಉತ್ತರ ಕೇಳಿದ್ದರೆ ಹೆಚ್ಚಿನ ಹೊತ್ತೂ ಬೇಕಿರಲಿಲ್ಲ.

ಇನ್ನೊಂದು ದೋಷ, ಏಳು ಹೆಸರನ್ನು ಅಂಕದ ಏಣಿಯಲ್ಲಿ ಮೇಲಿನಿಂದ ಎಣಿಸುವುದು. ಹಾಗೆ ಎಣಿಸಿದರೆ ನಿವೃತ್ತ ಅಧಿಕಾರಿಗಳು, ಹಿರಿಯ ವಕೀಲರು ಇವರೇ ತುಂಬಿಕೊಳ್ಳುತ್ತಾರೆ. ತಾಂಡಾದ ಹೆಣ್ಣುಮಗಳು ಲಂಬಾಣಿಯಲ್ಲಿ ಹೇಳಿದ್ದನ್ನು ನೇರವಾಗಿ ಕೇಳಿಸಿಕೊಳ್ಳುವವರು ಒಬ್ಬರೂ ಇರುವುದಿಲ್ಲ. ದಕ್ಷಿಣ ಆಫ್ರಿಕಾದ ದಾರಿಯನ್ನೇ ಹಿಡಿದಿದ್ದೇವೆ ಎನ್ನುತ್ತಾರೆ ಸಂಘಟಕರು. ಅಲ್ಲಿ 1995ರ 34ನೇ ಕಾಯ್ದೆಯಡಿ 299 ಹೆಸರು ಬಂದವು, ಬಹಿರಂಗ ಸಂದರ್ಶನ ನಡೆಯಿತು, 25 ಹೆಸರು ಮಂಡೇಲಾ ಅವರ ಮುಂದೆ ಹೋದವು, 17 ಮಂದಿ ನೇಮಕವಾದರು. ಇಷ್ಟನ್ನು ಶಿಬಿರ ಸರಿಯಾಗಿಯೇ ಹೇಳುತ್ತದೆ. ಆ ಹದಿನೇಳರಲ್ಲಿ ಇಬ್ಬರು 25ರ ಪಟ್ಟಿಯಲ್ಲೇ ಇರಲಿಲ್ಲ, ಸಮತೋಲನಕ್ಕಾಗಿ ಹೊರಗಿಂದ ಸೇರಿಸಿದ್ದು ಎಂಬುದನ್ನು ಮಾತ್ರ ಬಿಟ್ಟುಬಿಡುತ್ತದೆ. ಚರ್ಚೆಗೆ ಅದಕ್ಕಿಂತ ಒಳ್ಳೆಯ ವಿಷಯ ಇರಲಿಲ್ಲ: ಅದು ಪದ್ಧತಿಯನ್ನು ಮುರಿದದ್ದೋ, ಕಾಪಾಡಿದ್ದೋ?

ಅಧ್ಯಕ್ಷರ ಮತ್ತು ಸದಸ್ಯರ ಅಧಿಕಾರದ ಹಂಚಿಕೆ ಕುರಿತು ಒಂದು ಕಾರ್ಡೂ ಇಲ್ಲ. ಕೆನಡಾದ ಮೂವರ ಆಯೋಗ 2008ರ ಜೂನ್‌ನಲ್ಲಿ ಶುರುವಾಯಿತು. ಉಳಿದಿಬ್ಬರು ತಮ್ಮ ನಾಯಕತ್ವ ಒಪ್ಪುತ್ತಿಲ್ಲ ಎಂದು ಅಧ್ಯಕ್ಷ ಹ್ಯಾರಿ ಲಾಫಾರ್ಮ್ ಅಕ್ಟೋಬರ್‌ನಲ್ಲೇ ಹೊರನಡೆದರು. 2009ರಲ್ಲಿ ಆ ಇಬ್ಬರೂ ಹೋಗಿ, ಮರ್ರೆ ಸಿಂಕ್ಲೇರ್ ಅಧ್ಯಕ್ಷತೆಯಲ್ಲಿ ಪೂರಾ ಹೊಸ ತಂಡ ಬಂತು. ಮತ ಒಡೆದಾಗ ಯಾರ ಮಾತು ನಡೆಯಬೇಕು, ಒಬ್ಬರು ಬಿಟ್ಟರೆ ಕಾಯ್ದಿಟ್ಟ ಪಟ್ಟಿಯಲ್ಲಿ ಮುಂದಿನವರು ಯಾರು ಅನ್ನುವುದನ್ನು ನೇಮಕಕ್ಕೆ ಮೊದಲೇ ಬರೆದಿಡಬೇಕು.

ಆಯ್ಕೆ ಸಮಿತಿಯ ಐವರನ್ನು ಸಂಘಟಕರೇ ಬೆರಳು ತೋರಿಸಿ ಕೂರಿಸುತ್ತಾರೆ. ವಕೀಲರ ಸಂಘ, ನೊಂದವರ ಸಂಘಟನೆ, ಮಹಿಳಾ ಸಂಘ, ವಿಶ್ವವಿದ್ಯಾಲಯ ಎಂದು ಬೇರೆ ಬೇರೆ ಕಡೆಯಿಂದ ತಲಾ ಒಬ್ಬರನ್ನು ಕಳಿಸಲು ಹೇಳುವ ಆಟ ಇನ್ನೊಂದು ಅರ್ಧ ತಾಸು ಕೇಳುತ್ತಿತ್ತು, ಅಷ್ಟೇ.

ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಚೆನ್ನಾಗಿದ್ದವು. ಐದಕ್ಕೆ ಮೂರು ಚುಕ್ಕಿ. ಹೋಗುವವರು ಕಾರ್ಡಿನ ಕಟ್ಟನ್ನು ಹಿಂದಿನ ಸಂಜೆಯೇ ಕೇಳಿ ತಗೊಳ್ಳಿ, ಕೊಡುತ್ತಾರೆ. ಎಲ್ಲ 36ರ ಹಿಂಬದಿಯನ್ನೂ ಓದಿಕೊಂಡು ಬನ್ನಿ.