ಮೊಂಬಾಸಾ ಕರಾವಳಿಯ ಒಂಬತ್ತು ದಿನದ ಪ್ಯಾಕೇಜ್: ಕಡೆಯ ದಿನವೊಂದನ್ನು ಬದಲಿಸಬೇಕು

ಫೆಬ್ರವರಿ ಕೊನೆಗೆ ರೋಬಸ್ಟಾ ಕಾಫಿಯ ಕೊಯ್ಲು ಮುಗಿಯಿತು. ಕಣದಲ್ಲಿ ಉಳಿದ ಚೆರ್ರಿಯನ್ನೂ ಸ್ಪ್ರಿಂಕ್ಲರ್ ಹೊಡೆಸುವ ಕೆಲಸವನ್ನೂ ತಮ್ಮನಿಗೆ ಒಪ್ಪಿಸಿ ನಾನು, ಮಗಳು ಇಬ್ಬರೇ ಕೀನ್ಯಾಕ್ಕೆ ಹೊರಟೆವು. ಸುಂಟಿಕೊಪ್ಪದ ಹತ್ತಿರ ನಾಲ್ಕು ಕೋಣೆಯ ಹೋಂಸ್ಟೇ ನಡೆಸುತ್ತಾ ನನಗೆ ಹನ್ನೊಂದು ವರ್ಷವಾಯಿತು. ಬಂದವರಿಗೆ ಹಾಸಿ, ಬಡಿಸಿ, ಬೆಳಿಗ್ಗೆ ಜೀಪು ಹತ್ತಿಸಿ ಕಳಿಸುವುದೇ ನನ್ನ ಕಸುಬು. ಹಾಗಾಗಿ ನಾನೇ ಅತಿಥಿಯಾಗಿ ಹೋದಾಗ ಯಾವುದು ಮನಸ್ಸಿಟ್ಟು ಮಾಡಿದ್ದು, ಯಾವುದು ಕಾಟಾಚಾರಕ್ಕೆ ಮಾಡಿದ್ದು ಅನ್ನುವುದು ಬೇಗ ಕಣ್ಣಿಗೆ ಬೀಳುತ್ತದೆ. ಈ ಪ್ಯಾಕೇಜಿನಲ್ಲಿ ಎರಡೂ ಇದ್ದವು. ಕಂಪನಿಯ ಹೆಸರು ಬರೆಯುವುದಿಲ್ಲ. ಇದೇ ದಾರಿಯ ಪ್ರವಾಸವನ್ನು ಮಾರುವವರು ಬೇರೆಯವರೂ ಇದ್ದಾರೆ, ನನ್ನ ಮಾತು ಅವರೆಲ್ಲರಿಗೂ ಸಲ್ಲುತ್ತದೆ.

ಇಬ್ಬರಿಗೆ ವಿಮಾನದ ಟಿಕೆಟ್ ಬಿಟ್ಟು ಮೂರು ಲಕ್ಷದ ಇಪ್ಪತ್ತು ಸಾವಿರ. ಅದರಲ್ಲಿ ನಾವೇ ಓಡಿಸುವ ಬಾಡಿಗೆ ಕಾರು, ವಸತಿ, ಎರಡು ದಿನ ಹಾಯಿದೋಣಿ, ಮಗಳಿಗೆ ಐದು ಡೈವ್, ನನಗೆ ಒಂದು ಕಲಿಕೆಯ ಡೈವ್, ನೈರೋಬಿಯಿಂದ ಮೊಂಬಾಸಾಗೆ ಹೋಗಿಬರುವ ರೈಲು ಎಲ್ಲ ಸೇರಿತ್ತು. ಮಗಳು ನೇತ್ರಾಣಿಯಲ್ಲಿ ಡೈವಿಂಗ್ ಕಲಿತವಳು. ನಾನು ಹಾರಂಗಿ, ಕಾವೇರಿ ನೀರಿನಲ್ಲಿ ಈಜಿ ಬೆಳೆದವಳು. ಸಮುದ್ರದ ಒಳಗೆ ಮುಖ ಇಟ್ಟು ನೋಡಿರಲಿಲ್ಲ.

ಹೊರಡುವ ಮೊದಲಿನ ಎರಡು ಮಾತು ಹೇಳಿಬಿಡುತ್ತೇನೆ. ಹಳದಿ ಜ್ವರದ ಲಸಿಕೆಯನ್ನು ಹೊರಡುವುದಕ್ಕೆ ಕನಿಷ್ಠ ಹತ್ತು ದಿನ ಮೊದಲೇ ಹಾಕಿಸಿಕೊಳ್ಳಬೇಕು. ಕೀನ್ಯಾದಿಂದ ವಾಪಸ್ ಬರುವಾಗ ಆ ಕಾರ್ಡ್ ಇಲ್ಲದಿದ್ದರೆ ನಮ್ಮ ವಿಮಾನ ನಿಲ್ದಾಣದಲ್ಲೇ ತಡೆದು ಕ್ವಾರಂಟೈನಿಗೆ ಹಾಕುತ್ತಾರೆ. ಇನ್ನೊಂದು, ಪ್ಲಾಸ್ಟಿಕ್ ಕೈಚೀಲ. ಅಲ್ಲಿ 2017ರಿಂದ ಅದು ನಿಷೇಧ. 2020ರಿಂದ ರಾಷ್ಟ್ರೀಯ ಉದ್ಯಾನಗಳೊಳಗೆ ಒಮ್ಮೆ ಬಳಸಿ ಎಸೆಯುವ ಬಾಟಲಿ, ತಟ್ಟೆಗಳನ್ನೂ ಒಯ್ಯುವ ಹಾಗಿಲ್ಲ. ಅಬ್ಬಿ ಜಲಪಾತದ ದಾರಿ, ಮಾಂದಲಪಟ್ಟಿಯ ತುದಿ, ಎಲ್ಲಾ ಕಡೆ ಬಾಟಲಿ ಹೆಕ್ಕಿ ಹೆಕ್ಕಿ ಸಾಕಾದವಳು ನಾನು. ಅಲ್ಲಿನ ಕಡಲ ತೀರ ನೋಡಿ ನನಗೆ ಹೊಟ್ಟೆಯುರಿಯಿತು ಅಂದರೆ ಸುಳ್ಳಲ್ಲ.

ನೈರೋಬಿಯಿಂದ ಮೊಂಬಾಸಾಗೆ ರೈಲು. 2017ರಲ್ಲಿ ಶುರುವಾದ ಹೊಸ ಮಾರ್ಗ, ಐದಾರು ಗಂಟೆಯ ದಾರಿ, ತ್ಸಾವೋ ಕಾಡಿನ ನಡುವೆಯೇ ಹೋಗುತ್ತದೆ. ಅಲ್ಲಿನ ಕೆಂಪು ಮಣ್ಣು ಮೈಗೆ ಎರಚಿಕೊಂಡ ಆನೆಗಳು ಕಿಟಕಿಯಿಂದ ಇಟ್ಟಿಗೆ ಬಣ್ಣದಲ್ಲಿ ಕಾಣುತ್ತವೆ. ನಮ್ಮಲ್ಲಿ ಆನೆ ಅಂದರೆ ತೋಟದ ಬೇಲಿ, ರಾತ್ರಿಯ ಪಟಾಕಿ. ಬಯಲಿನಲ್ಲಿ ತನ್ನ ಪಾಡಿಗೆ ನಿಂತ ಆನೆಯನ್ನು ಭಯವಿಲ್ಲದೆ ನೋಡಿದ್ದು ನನಗೆ ಅದೇ ಮೊದಲು.

ಮೊಂಬಾಸಾದಲ್ಲಿ ಕೊಟ್ಟ ಕಾರು ಹಳೆಯ ಟೊಯೋಟಾ. ಜಪಾನಿನಿಂದ ಬಂದ ಸೆಕೆಂಡ್ ಹ್ಯಾಂಡ್ ಗಾಡಿ, ಕೀಲಿ ತಿರುಗಿಸಿದ ಕೂಡಲೇ ಜಪಾನಿ ಭಾಷೆಯಲ್ಲಿ ಏನೋ ಹೇಳುತ್ತಿತ್ತು. ಟಯರು ಹೊಸದು, ಬ್ರೇಕು ಬಿಗಿ, ಸ್ಟೆಪ್ನಿಯಲ್ಲಿ ಗಾಳಿ ಇತ್ತು. ಸ್ಟೆಪ್ನಿ ನೋಡದೆ ನಾನು ಗಾಡಿ ತೆಗೆಯುವವಳಲ್ಲ. ಅಲ್ಲಿಯೂ ಎಡಬದಿಯ ಸಂಚಾರ, ಹಾಗಾಗಿ ಸಂಪಾಜೆ ಘಾಟಿಯಲ್ಲಿ ಓಡಿಸಿದವರಿಗೆ ಕಷ್ಟವಿಲ್ಲ. ಕಾರಿಗೆ ಅವರ ಸ್ವಾಹಿಲಿಯಲ್ಲಿ ‘ಗಾರಿ’, ಅಂಗಡಿಗೆ ‘ದುಕಾ’, ವಿಮೆಗೆ ‘ಬಿಮಾ’. ಗುಜರಾತಿನ ವರ್ತಕರ ಜೊತೆ ದಾಟಿದ ಮಾತುಗಳು. ರಸ್ತೆ ಬದಿ ಬಾಡಿಗೆಗೆ ನಿಂತ ಬೈಕುಗಳೂ ಹೆಚ್ಚಿನವು ಬಜಾಜ್, ಟಿವಿಎಸ್.

ಮೊದಲು ಉತ್ತರಕ್ಕೆ: ನ್ಯಾಲಿ ಸೇತುವೆ ದಾಟಿ ಕಿಲಿಫಿ, ವಟಾಮು, ಮಾಲಿಂದಿ. ಕಿಲಿಫಿಯ ಹತ್ತಿರ ಕತ್ತಾಳೆ ತೋಟಗಳು ಗೆರೆ ಎಳೆದ ಹಾಗೆ ದಿಗಂತದವರೆಗೆ, ಮಧ್ಯೆ ಮಧ್ಯೆ ಬಾವೊಬಾಬ್ ಮರ. ಕಿಲಿಫಿಯ ವಸತಿಯಲ್ಲಿ ಸೊಳ್ಳೆಪರದೆಗೆ ಎರಡು ಕಡೆ ತೂತು ಇತ್ತು. ಮಲೇರಿಯಾ ಇರುವ ಕರಾವಳಿಯಲ್ಲಿ ಇದು ಸಣ್ಣ ವಿಷಯವಲ್ಲ. ನಾನೇ ಸೂಜಿ ದಾರ ತೆಗೆದು ಹೊಲಿದೆ. ಬೆಳಿಗ್ಗೆ ಹೇಳಿದಾಗ ಬೇರೆ ಪರದೆ ತಂದರು, ಆದರೆ ಅತಿಥಿ ಬರುವ ಮೊದಲೇ ನೋಡಬೇಕಾದ ಕೆಲಸ ಅದು.

ಹಾಯಿದೋಣಿಯ ಬಗ್ಗೆ ಮಾತ್ರ ಎಷ್ಟು ಹೊಗಳಿದರೂ ಸಾಲದು. ಕಿಲಿಫಿಯ ಹಿನ್ನೀರಿನಿಂದ ಹೊರಟ ಡೌ ಅದು, ಎಂಜಿನ್ ಇದ್ದರೂ ಎರಡು ದಿನವೂ ಬಂದರಿನ ಬಾಯಲ್ಲಿ ಬಿಟ್ಟರೆ ಎಲ್ಲೂ ಹಾಕಲಿಲ್ಲ. ದೋಣಿಯ ಯಜಮಾನನಿಗೆ ಅಲ್ಲಿ ‘ನಹೋದಾ’ ಅನ್ನುತ್ತಾರೆ. ನಮ್ಮ ಪಡುಗಡಲಿನ ಹಳೆಯ ದೋಣಿಗಳ ‘ನಾಖುದಾ’ನೇ ಅವನು. ಅರುವತ್ತು ದಾಟಿದ ಮನುಷ್ಯ, ಬರಿಗಾಲು, ಕಾಲ ಹೆಬ್ಬೆರಳಿನಿಂದಲೇ ಚುಕ್ಕಾಣಿಯ ಹಿಡಿ ಒತ್ತಿ ದೋಣಿ ನಡೆಸುತ್ತಿದ್ದರು. ತ್ರಿಕೋನದ ಒಂದೇ ಹಾಯಿ, ಅದನ್ನು ಕಟ್ಟಿದ ಉದ್ದದ ಓರೆ ಮರ. ದಿಕ್ಕು ಬದಲಿಸಬೇಕಾದಾಗ ಹಾಯಿಯ ಹಗ್ಗ ಸಡಿಲಿಸಿ, ಆ ಓರೆ ಮರವನ್ನು ಕಂಬದ ಉದ್ದಕ್ಕೆ ನೆಟ್ಟಗೆ ನಿಲ್ಲಿಸಿ, ಇಬ್ಬರು ಹುಡುಗರು ಅದರ ಬುಡವನ್ನು ಕಂಬದ ಮುಂದಿನಿಂದ ಆಚೆ ಬದಿಗೆ ಹೊತ್ತೊಯ್ಯುತ್ತಾರೆ. ಆ ಅರ್ಧ ನಿಮಿಷ ಹಾಯಿ ಪಟಪಟ ಹೊಡೆದುಕೊಂಡು ದೋಣಿ ತೂಗಾಡುತ್ತದೆ. ಮತ್ತೆ ಗಾಳಿ ತುಂಬಿದ ಕೂಡಲೇ ಎಲ್ಲ ಸದ್ದು ಅಡಗಿ ನೀರು ಸೀಳುವ ಶಬ್ದವೊಂದೇ.

ನಹೋದಾ ನಮಗೆ ಗಾಳಿಯ ಹೆಸರುಗಳನ್ನು ಹೇಳಿಕೊಟ್ಟರು. ಈಗ ಬೀಸುವುದು ಕಾಸ್ಕಾಜಿ, ಈಶಾನ್ಯದ್ದು. ಅರಬ್ಬರನ್ನು, ಕಛ್ ಗುಜರಾತಿನವರನ್ನು ಈ ತೀರಕ್ಕೆ ತಂದದ್ದು ಅದೇ. ಏಪ್ರಿಲ್ ಕಳೆದ ಮೇಲೆ ತಿರುಗಿ ಬೀಸುವುದು ಕುಸಿ. ದಕ್ಷಿಣದಿಂದ ಬರುವ ಆ ಗಾಳಿ ಸಮಭಾಜಕ ದಾಟಿ, ಸೊಮಾಲಿಯಾದ ತೀರದಲ್ಲಿ ಬಲಕ್ಕೆ ಹೊರಳಿ, ಅರಬ್ಬಿ ಸಮುದ್ರ ಹಾಯ್ದು ನಮ್ಮ ಘಟ್ಟಕ್ಕೆ ಬಡಿಯುತ್ತದೆ. ಜೂನಿನಲ್ಲಿ ಭಾಗಮಂಡಲದಲ್ಲಿ ಸೇತುವೆ ಮುಳುಗಿಸುವ ಮುಂಗಾರು ಅವರ ಕುಸಿಯೇ. ಮಗಳು ಇದನ್ನು ಮೊಬೈಲಿನ ನಕ್ಷೆಯಲ್ಲಿ ಬೆರಳಿಟ್ಟು ಎಳೆದು ತೋರಿಸಿದಳು. ಅವರು ತುಂಬಾ ಹೊತ್ತು ಆ ನಕ್ಷೆ ನೋಡಿ, “ಹಾಗಾದರೆ ಮಾಮಾ, ನಿಮ್ಮ ಮಳೆ ಮೊದಲು ನಮ್ಮ ಹಾಯಿ ಮುಟ್ಟಿಯೇ ಬರುತ್ತದೆ” ಅಂದರು. ಮಾಮಾ ಅಂದರೆ ಅಲ್ಲಿ ತಾಯಿ. 1498ರ ಏಪ್ರಿಲಿನಲ್ಲಿ ವಾಸ್ಕೋ ಡ ಗಾಮ ಮಾಲಿಂದಿಯಲ್ಲೇ ದಾರಿ ಬಲ್ಲ ನಾವಿಕನನ್ನು ಹತ್ತಿಸಿಕೊಂಡು ಮೇ ತಿಂಗಳಿಗೆ ಕಲ್ಲಿಕೋಟೆ ಮುಟ್ಟಿದ್ದು ಈ ಗಾಳಿ ತಿರುಗುವ ಹೊತ್ತಿನಲ್ಲೇ.

ವಟಾಮುವಿನ ಕಡಲ ಉದ್ಯಾನ 1968ರಿಂದ ರಕ್ಷಿತ. ಮಗಳ ಮೊದಲ ಮೂರು ಡೈವ್ ಅಲ್ಲಾಯಿತು. ಅವಳು ನೀರಿನಲ್ಲಿದ್ದಾಗ ನಾನು ಗೇಡಿಯ ಪಾಳು ಊರು ನೋಡಿ ಬಂದೆ. ಹವಳದ ಕಲ್ಲಿನ ಮನೆಗಳು, ಮಸೀದಿಗಳು, ಅವುಗಳ ಮೇಲೆ ಬೇರು ಬಿಟ್ಟ ಮರಗಳು. ಒಂದು ಗಂಟೆ ಸಾಕು, ಸಂಜೆ ಹೋದರೆ ಚೆಂದ.

ಊಟದ ವಿಷಯಕ್ಕೆ ಕಂಪನಿಯವರು ಮಾಡಿದ ಒಳ್ಳೆಯ ಕೆಲಸವೆಂದರೆ ಬೆಳಗಿನ ತಿಂಡಿಯನ್ನು ಹೋಟೆಲಿನ ಬಫೆಗೆ ಬಿಡದೆ ಊರಿನ ಸಣ್ಣ ಅಂಗಡಿಗಳ ಪಟ್ಟಿ ಕೊಟ್ಟದ್ದು. ಮಹಾಮ್ರಿ ಅಂದರೆ ಏಲಕ್ಕಿ ಹಾಕಿ ಕರಿದ, ತ್ರಿಕೋನದ, ಒಳಗೆ ಟೊಳ್ಳಾದ ಪೂರಿಯಂಥದ್ದು. ಜೊತೆಗೆ ಮ್ಬಾಜಿ: ತೊಗರಿಕಾಳನ್ನು ತೆಂಗಿನ ಹಾಲಿನಲ್ಲಿ ಬೇಯಿಸಿದ್ದು. ನನಗಂತೂ ನಮ್ಮ ಅಕ್ಕಿಯುಂಡೆ ಕಡಂಬುಟ್ಟಿನ ನೆನಪೇ ಬರಲಿಲ್ಲ. ಸಂಜೆ ಮೊಂಬಾಸಾದ ಹಳೇ ಪೇಟೆಯಲ್ಲಿ ಹಿತ್ತಾಳೆಯ ಕೂಜದ ಕೆಳಗೆ ಕೆಂಡ ಇಟ್ಟುಕೊಂಡು ಕಾಫಿ ಮಾರುತ್ತಾರೆ. ಹಾಲಿಲ್ಲ, ಸಕ್ಕರೆಯಿಲ್ಲ, ಶುಂಠಿ ಹಾಕಿದ ಕಡು ಕಹಿ, ಹಿಡಿಯಿಲ್ಲದ ಪುಟ್ಟ ಬಟ್ಟಲು, ಜೊತೆಗೆ ಒಂದು ತುಂಡು ಹಲ್ವ. ನಮ್ಮ ಬೆಲ್ಲದ ಕಾಫಿಯಲ್ಲಿ ಸಿಹಿ ಕಾಫಿಯೊಳಗಿರುತ್ತದೆ. ಅಲ್ಲಿ ಸಿಹಿ ಇನ್ನೊಂದು ಕೈಯಲ್ಲಿ. ನಾನು ಮೂರು ಬಟ್ಟಲು ಕುಡಿದೆ.

ಆಮೇಲೆ ದಕ್ಷಿಣಕ್ಕೆ. ಲಿಕೋನಿಯಲ್ಲಿ ಕಾರನ್ನು ಫೆರಿಗೆ ಹತ್ತಿಸಿ ದಾಟಿದೆವು. ನಡೆದು ಬರುವವರಿಗೆ ದುಡ್ಡಿಲ್ಲ, ಹಾಗಾಗಿ ಸಾವಿರಾರು ಜನ ಒಟ್ಟಿಗೆ ಇಳಿಯುತ್ತಾರೆ. ಕಿಟಕಿ ಏರಿಸಿಕೊಂಡು ನಿಧಾನ ಹೋಗಿ. ಅಲ್ಲಿಂದ ಡಿಯಾನಿ ಮೂವತ್ತು ಕಿ.ಮೀ. ಚಿಲ್ಲರೆ. ಡಿಯಾನಿಯ ರಸ್ತೆಯ ಮೇಲೆ ಮರದಿಂದ ಮರಕ್ಕೆ ಹಗ್ಗದ ಏಣಿ ಕಟ್ಟಿದ್ದಾರೆ, ಕೊಲೊಬಸ್ ಕೋತಿಗಳು ಗಾಡಿಗೆ ಸಿಗದೆ ದಾಟಲಿ ಅಂತ.

ಡಿಯಾನಿಯ ಈಜುಕೊಳದಲ್ಲಿ ನನಗೆ ಅರ್ಧ ದಿನದ ಪಾಠ. ಮೊದಲು ಆರೋಗ್ಯದ ಅರ್ಜಿ. ನಾನು ಬಿಪಿ ಮಾತ್ರೆ ತೆಗೆದುಕೊಳ್ಳುವವಳು, ಅದನ್ನು ಮುಚ್ಚಿಡದೆ ಮಡಿಕೇರಿಯ ಡಾಕ್ಟರ ಪತ್ರ ಒಯ್ದಿದ್ದೆ. ಪತ್ರವಿಲ್ಲದಿದ್ದರೆ ಇಳಿಸುವುದಿಲ್ಲ ಅಂದರು, ಸರಿಯಾಗಿಯೇ ಅಂದರು. ಕಲಿಸಿದಾಕೆ ಆ ಊರಿನದೇ ಹುಡುಗಿ, ಮೂವತ್ತರ ಒಳಗಿನ ವಯಸ್ಸು. ಆಕೆಯ ತಾಳ್ಮೆಗೆ ನಾನು ಋಣಿ. ಮರುದಿನ ಶಿಮೋನಿಯಿಂದ ದೋಣಿ ಹತ್ತಿ ಕಿಸಿಟೆಯ ಹವಳದ ದಿಬ್ಬಕ್ಕೆ ಹೋದೆವು. ಅಲ್ಲಿ ಭರತ ಇಳಿತ ಮೂರು ಮೀಟರಿಗೂ ಹೆಚ್ಚು, ಹಾಗಾಗಿ ಕಾರ್ಯಕ್ರಮವೆಲ್ಲ ನೀರಿನ ಲೆಕ್ಕದಲ್ಲಿ ನಡೆಯುತ್ತದೆ. ಇದನ್ನು ಕಂಪನಿಯವರು ದಿನದಿನಕ್ಕೆ ಸರಿಯಾಗಿ ಬರೆದು ಕೊಟ್ಟಿದ್ದರು.

ದೋಣಿಯ ಅಂಚಿನಿಂದ ಹಿಂದಕ್ಕೆ ಬಿದ್ದು ನೀರಿಗಿಳಿದಾಗ ನನಗೆ ಮೊದಲು ಗೊತ್ತಾದದ್ದು ಕಿವಿ. ಮೂಗು ಹಿಡಿದು ಮೆಲ್ಲಗೆ ಊದಬೇಕು, ಕಿವಿ ಬಿಡುತ್ತದೆ. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವಾಗ ಕಿವಿ ಮುಚ್ಚಿಕೊಳ್ಳುತ್ತದಲ್ಲ, ಅದೇ. ಮಗಳು ಹಿಂದಿನ ರಾತ್ರಿ ಲೆಕ್ಕ ಹಾಕಿ ಹೇಳಿದ್ದಳು: “ಅಮ್ಮ, ಇಡೀ ಘಾಟಿ ಇಳಿದರೆ ಕಿವಿಗೆ ಬೀಳೋ ಒತ್ತಡ, ಸಮುದ್ರದಲ್ಲಿ ಬರೀ ಒಂದು ಮೀಟರ್ ಇಳಿದರೆ ಬೀಳುತ್ತೆ.” ನಾನು ಎಂಟು ಮೀಟರ್ ಇಳಿದೆ. ಎಂಟು ಘಾಟಿ. ಪ್ರತಿ ಮೀಟರಿಗೂ ಕಲಿಸಿದ ಹುಡುಗಿ ನನ್ನ ಕಣ್ಣೆದುರು ನಿಂತು ಬೆರಳು ಸುತ್ತಿ ‘ಸರಿಯಾ?’ ಅಂತ ಕೇಳುತ್ತಿದ್ದಳು, ನಾನು ಸರಿ ಅಂದ ಮೇಲೆಯೇ ಮುಂದೆ.

ಕೆಳಗೆ ಗಿಳಿಮೀನೊಂದು ಹವಳವನ್ನು ಕಡಿಯುತ್ತಿತ್ತು. ಆ ಸದ್ದು ಕೇಳುತ್ತದೆ ಅಂತ ಯಾರೂ ನನಗೆ ಹೇಳಿರಲಿಲ್ಲ. ಅಕ್ಕಿಯಲ್ಲಿ ಕಲ್ಲು ಕಡಿದ ಹಾಗೆ ಕಟಕ್ ಕಟಕ್. ಕಡಿದದ್ದನ್ನು ಅರೆದು ಬಿಳಿ ಮರಳಾಗಿ ಹಿಂದಿನಿಂದ ಬಿಡುತ್ತದೆ. ಹವಳದ ತೀರಗಳ ಬಿಳಿ ಮರಳಿನಲ್ಲಿ ದೊಡ್ಡ ಪಾಲು ಹೀಗೆ ಆದದ್ದು. ಒಂದು ಕಡಲಾಮೆ ನನ್ನ ಪಕ್ಕದಿಂದಲೇ, ಅವಸರವಿಲ್ಲದೆ, ಮೇಲೆ ಹೋಗಿ ಉಸಿರು ತೆಗೆದುಕೊಂಡು ಮತ್ತೆ ಅದೇ ಜಾಗಕ್ಕೆ ಬಂತು. ನನ್ನ ಕಣ್ಣಲ್ಲಿ ನೀರು ಬಂದು ಮಾಸ್ಕ್ ಮಬ್ಬಾಯಿತು.

ಮಧ್ಯಾಹ್ನ ವಾಸಿನಿ ದ್ವೀಪದಲ್ಲಿ ಊಟ. ಕಾರುಗಳಿಲ್ಲದ ದ್ವೀಪ. ಅಲ್ಲಿನ ಹೆಂಗಸರ ಸಂಘದವರು ಹಳೆಯ ಹವಳದ ಬಂಡೆಗಳ, ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ಹಲಗೆಯ ಕಾಲುದಾರಿ ಕಟ್ಟಿ ಟಿಕೆಟ್ ಇಟ್ಟು ನಡೆಸುತ್ತಾರೆ. ತಪ್ಪದೆ ಹೋಗಿ, ದುಡ್ಡು ನೇರ ಅವರ ಕೈಗೆ ಸೇರುತ್ತದೆ.

ಈಗ ನನ್ನ ದೂರು. ಒಂಬತ್ತನೇ ದಿನದ ಕಾರ್ಯಕ್ರಮ ಹೀಗಿತ್ತು: ಬೆಳಿಗ್ಗೆ ಡಿಯಾನಿಯಲ್ಲಿ ಮಗಳ ಐದನೇ ಡೈವ್, ಮಧ್ಯಾಹ್ನ ನೈರೋಬಿಗೆ ರೈಲು. ಡೈವ್ ಮಾಡಿದ ಮೇಲೆ ವಿಮಾನ ಹತ್ತಲು ಹದಿನೆಂಟು ಗಂಟೆ ಬಿಡಬೇಕು ಅಂತ ಕಂಪನಿಯ ಪುಸ್ತಿಕೆಯಲ್ಲೇ ಅಚ್ಚು ಹಾಕಿದ್ದರು. ಆದರೆ ನೈರೋಬಿ ಇರುವುದು ಸುಮಾರು 1,700 ಮೀಟರ್ ಎತ್ತರದಲ್ಲಿ, ಮಡಿಕೇರಿಗಿಂತ ಐನೂರು ಮೀಟರ್ ಮೇಲೆ. ನೀರಿನಡಿಯಲ್ಲಿ ಉಸಿರಾಡಿದ ಗಾಳಿಯ ಸಾರಜನಕ ರಕ್ತದಲ್ಲಿ ಕರಗಿ ಕೂತಿರುತ್ತದೆ. ಒತ್ತಡ ಬೇಗ ಇಳಿದರೆ ಗೋಲಿ ಸೋಡಾ ಒಡೆದ ಹಾಗೆ ಗುಳ್ಳೆ ಏಳುತ್ತದೆ, ಕೀಲು, ನರ, ಮೆದುಳಿಗೆ ತೊಂದರೆ. ವಿಮಾನದಲ್ಲಿ ಏರಿದರೂ ರೈಲಿನಲ್ಲಿ ಏರಿದರೂ ಎತ್ತರ ಎತ್ತರವೇ.

ಇದನ್ನು ಗಮನಿಸಿದ್ದು ಕಲಿಸುವ ಆ ಹುಡುಗಿ. ಹಿಂದಿನ ಸಂಜೆ ಸಿಲಿಂಡರ್ ಜೋಡಿಸುತ್ತಾ “ನಾಳೆ ಎಲ್ಲಿಗೆ?” ಅಂತ ಕೇಳಿದಳು. ಮಗಳು ರೈಲು ಅಂದಳು. ಆಕೆ ಜೋಡಿಸಿದ್ದನ್ನು ಮತ್ತೆ ಬಿಚ್ಚಿಟ್ಟಳು. ಆ ಡೈವಿಗೆ ಸಿಗುವ ಕೂಲಿ ತಪ್ಪುತ್ತದೆ ಅಂತ ಗೊತ್ತಿದ್ದೂ ಬಿಚ್ಚಿಟ್ಟಳು. ನಾನು ಕಂಪನಿಗೆ ಫೋನ್ ಮಾಡಿದರೆ, “ರೈಲಿಗೆ ಆ ನಿಯಮ ಇಲ್ಲ ಮೇಡಂ, ಈವರೆಗೆ ಯಾರಿಗೂ ಏನೂ ಆಗಿಲ್ಲ” ಅನ್ನುವ ಉತ್ತರ. ಈವರೆಗೆ ಏನೂ ಆಗಿಲ್ಲ ಅನ್ನುವ ಮಾತನ್ನು ಗುಡ್ಡದ ಬುಡದಲ್ಲಿ ಮಣ್ಣು ತೆಗೆಯುವವರ ಬಾಯಲ್ಲಿ 2018ರ ಭೂಕುಸಿತಕ್ಕೆ ಮೊದಲು ನಾವು ಕೊಡಗಿನವರು ಬೇಕಾದಷ್ಟು ಕೇಳಿದ್ದೇವೆ. ಆ ಡೈವಿನ ದುಡ್ಡನ್ನೂ ವಾಪಸ್ ಕೊಡಲಿಲ್ಲ.

ಖಾಲಿ ಬಿದ್ದ ಆ ಬೆಳಿಗ್ಗೆ ನಾವು ಕಾಯಾ ಕಿನೊಂಡೊಗೆ ಹೋದೆವು. ಡಿಯಾನಿಯ ಪಕ್ಕದಲ್ಲೇ, ಸುಮಾರು 30 ಹೆಕ್ಟೇರಿನ ದೇವರ ಕಾಡು. ಮಿಜಿಕೆಂಡ ಜನರ ಇಂಥ ಕಾಡುಗಳನ್ನು 2008ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ. ಬಾಗಿಲಲ್ಲೇ ಸೊಂಟಕ್ಕೆ ಕಪ್ಪು ಬಟ್ಟೆ ಸುತ್ತಿದರು. ಒಳಗಿನಿಂದ ಒಂದು ಕಡ್ಡಿ, ಒಂದು ಎಲೆ ಹೊರಗೆ ಬರಬಾರದು. ನಮ್ಮೂರಿನ ಅಯ್ಯಪ್ಪ ದೇವರ ಕಾಡಿಗೆ ಮಣ್ಣಿನ ನಾಯಿ ಹರಕೆ ಒಪ್ಪಿಸಲು ಹೋಗುವಾಗ ಅಜ್ಜಿ ಇದೇ ಮಾತು ಹೇಳುತ್ತಿದ್ದರು. ಹೊರಗೆ ಬಂದಾಗ ನನ್ನ ಚಪ್ಪಲಿಗೆ ಒಂದು ಒಣ ಎಲೆ ಅಂಟಿಕೊಂಡಿತ್ತು. ಜೊತೆಗೆ ಬಂದ ಹಿರಿಯರು ಬಗ್ಗಿ ಅದನ್ನು ಬಿಡಿಸಿ, ನಾಲ್ಕು ಹೆಜ್ಜೆ ಹಿಂದೆ ಹೋಗಿ ಕಾಡಿನೊಳಗೆ ಇಟ್ಟು ಬಂದರು. ಇಷ್ಟು ಹತ್ತಿರ ಇರುವ ಈ ಕಾಡು ಪ್ಯಾಕೇಜಿನಲ್ಲೇ ಇರಲಿಲ್ಲ.

ಹಾಯಿದೋಣಿ, ಕಾರು, ಊಟದ ಪಟ್ಟಿ, ಕಲಿಸಿದ ರೀತಿ, ಇವಕ್ಕೆ ನನ್ನಿಂದ ಪೂರ್ತಿ ಅಂಕ. ಒಂಬತ್ತನೇ ದಿನಕ್ಕೆ ಸೊನ್ನೆ. ಬಂದ ಮೇಲೆ ಕಂಪನಿಗೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದಿದ್ದೇನೆ: ಡೈವ್‌ಗಳನ್ನು ಎಂಟನೇ ದಿನ ಬೆಳಿಗ್ಗೆಗೆ ಮುಗಿಸಿ, ಕಡೆಯ ದಿನ ಕಾಯಾ ಕಾಡು ಇಡಿ. ಉತ್ತರಕ್ಕೆ ಕಾಯುತ್ತಿದ್ದೇನೆ. ಮುಂದಿನ ಕೊಯ್ಲು ಮುಗಿದ ಮೇಲೆ ತಮ್ಮನ ಮನೆಯವರು ಹೊರಡುವ ಯೋಚನೆಯಲ್ಲಿದ್ದಾರೆ. ಬದಲಾದ ಕಾರ್ಯಕ್ರಮ ಬರಹದಲ್ಲಿ ಕೈಗೆ ಬರುವ ತನಕ ಮುಂಗಡ ಕಟ್ಟಬೇಡ ಅಂತ ಅವನಿಗೆ ಹೇಳಿದ್ದೇನೆ.