ಹಳೆ ಕಾರಿಗೆ ಸೆರಾಮಿಕ್ ಬ್ರೇಕ್ ಪ್ಯಾಡ್: ಎರಡು ವರ್ಷ, 22,000 ಕಿ.ಮೀ. ಆದಮೇಲೆ

ನನ್ನದು 2010ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಮುಂದೆ ಡಿಸ್ಕ್, ಹಿಂದೆ ಡ್ರಮ್. ತಿಂಗಳಿಗೆ ಎರಡು ಸಲ ತೀರ್ಥಹಳ್ಳಿಯಿಂದ ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗಿಬರುತ್ತೇನೆ. ಹಾಗಾಗಿ ಬ್ರೇಕಿಗೆ ಕೆಲಸ ಜಾಸ್ತಿ. ಎರಡು ವರ್ಷದ ಹಿಂದೆ ಮುಂದಿನ ಎಡ ಚಕ್ರ ಕಿರುಚಲು ಶುರುಮಾಡಿತು. ನಾನು ಬೀದಿ ತಿರುವಿನಲ್ಲಿರುವಾಗಲೇ ಅಮ್ಮ ಗೇಟು ತೆಗೆದಿರುತ್ತಿದ್ದರು.

ಗ್ಯಾರೇಜಿನಲ್ಲಿ, ಡಿಸ್ಕನ್ನು ಎರಡೂ ಬದಿಯಿಂದ ಒತ್ತಿ ಹಿಡಿಯುವ ಪ್ಯಾಡ್ ಸವೆದುಹೋಗಿದೆ ಅಂದರು. ಸೆರಾಮಿಕ್ ಹಾಕಿಸಿದೆ, 1,900 ರೂಪಾಯಿ. ಎರಡು ತಿಂಗಳು ಸದ್ದಿಲ್ಲ. ಆಮೇಲೆ ಮತ್ತೆ ಅದೇ ಕೀರಲು. ನಿಜ ಹೇಳಬೇಕೆಂದರೆ, ಪ್ಯಾಡಿಗೆ ಒಂದೇ ಸ್ಟಾರ್ ಕೊಟ್ಟು ಚೆನ್ನಾಗಿ ಬೈಯಲು ಕೂತಿದ್ದೆ.

ಅಷ್ಟರಲ್ಲಿ ಡಿಕ್ಕಿಯಲ್ಲಿ ಬಿದ್ದಿದ್ದ ಹಳೆ ಪ್ಯಾಡ್ ಕೈಗೆ ಸಿಕ್ಕಿತು. ಅಳೆದು ನೋಡಿದರೆ ಒಳಗಿನದು 2 ಮಿ.ಮೀ., ಹೊರಗಿನದು 6. ಒಂದೇ ಚಕ್ರದ ಜೋಡಿ ಇಷ್ಟು ಏರುಪೇರಾಗಿ ಸವೆಯಬಾರದು ಅಲ್ವಾ? ಈ ಕಾರಿನ ಕ್ಯಾಲಿಪರ್‌ನಲ್ಲಿ, ಅಂದರೆ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಹಿಡಿಕೆಯಲ್ಲಿ, ಪಿಸ್ಟನ್ ಇರುವುದು ಒಳಗಡೆ ಮಾತ್ರ. ಅದು ಒಳಗಿನ ಪ್ಯಾಡನ್ನು ಒತ್ತುತ್ತದೆ. ಆಗ ಇಡೀ ಕ್ಯಾಲಿಪರ್ ಎರಡು ಪಿನ್ ಮೇಲೆ ಜಾರಿ ಹೊರಗಿನದನ್ನು ಎಳೆದುಕೊಳ್ಳಬೇಕು. ಪಿನ್ ಜಾರದೆ ಬಿಗಿದುಕೊಂಡರೆ ಒಳಗಿನ ಪ್ಯಾಡ್ ಒಂದೇ ದುಡಿಯುತ್ತದೆ. ಕಾಲು ತೆಗೆದರೂ ಡಿಸ್ಕಿಗೆ ಉಜ್ಜುತ್ತಲೇ ಇರುತ್ತದೆ.

ಭಾನುವಾರ ಸ್ಟ್ಯಾಂಡ್ ಕೊಟ್ಟು ಚಕ್ರ ಬಿಚ್ಚಿದೆ. ಕೆಳಗಿನ ಪಿನ್ ಕೈಯಲ್ಲೇ ಬಂತು. ಮೇಲಿನದು ಜಪ್ಪಯ್ಯ ಅನ್ನಲಿಲ್ಲ. ಸ್ಪ್ಯಾನರ್ ಹಾಕಿ ಸ್ವಲ್ಪ ಸ್ವಲ್ಪವೇ ತಿರುಗಿಸಿ ಎಳೆದರೆ, ಒಳಗಿನ ಗ್ರೀಸು ಬಾಣಲೆಗೆ ತಳಹಿಡಿದ ಬೆಲ್ಲದ ಹಾಗೆ ಕಪ್ಪಗೆ ಗಟ್ಟಿಯಾಗಿತ್ತು. ಪಿನ್ನನ್ನು ಮುಚ್ಚುವ ರಬ್ಬರ್ ಬೂಟ್ ಹರಿದು ಮಳೆನೀರು ಸೇರಿತ್ತು. ಇನ್ನೊಂದು ವಿಷಯ: ಹಳೆ ಪ್ಯಾಡಿನ ಬೆನ್ನಿಗಿದ್ದ ತೆಳು ಶಿಮ್ ತಗಡನ್ನು ಹೊಸದಕ್ಕೆ ಹಾಕಿರಲೇ ಇಲ್ಲ. ಅದುರುವಿಕೆ ತಡೆಯುವುದೇ ಅದರ ಕೆಲಸ!

ಪಿನ್, ಬೂಟ್ ಕಿಟ್ಟಿಗೆ 250 ರೂಪಾಯಿ. ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸನ್ನೇ ಹಚ್ಚಿದೆ. ಮಾಮೂಲಿ ಗ್ರೀಸು ಹಾಕಿದರೆ ರಬ್ಬರ್ ಊದಿಕೊಳ್ಳುತ್ತದೆ. ಹೊಳಪು ಬಂದಿದ್ದ ಪ್ಯಾಡಿನ ಮುಖವನ್ನು ಮರಳುಕಾಗದದಲ್ಲಿ ಹಗುರವಾಗಿ ಉಜ್ಜಿದೆ. ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಲೆಂದು ಖಾಲಿ ರಸ್ತೆಯಲ್ಲಿ ವೇಗವನ್ನು ಗಂಟೆಗೆ 60 ಕಿ.ಮೀ.ನಿಂದ 10ಕ್ಕೆ ಎಂಟು ಸಲ ಇಳಿಸಿ, ಪೂರ್ತಿ ನಿಲ್ಲಿಸದೆ, ಆರಲು ಬಿಟ್ಟೆ.

ಕೀರಲು ಅಂದೇ ಹೋಯಿತು, ಇವತ್ತಿಗೂ ಬಂದಿಲ್ಲ. ಪ್ಯಾಡ್ ಇನ್ನೂ 6 ಮಿ.ಮೀ. ಇದೆ, ಒಳಗೂ ಹೊರಗೂ ಹೆಚ್ಚುಕಮ್ಮಿ ಒಂದೇ. ಚಕ್ರಕ್ಕೆ ಮೆತ್ತುವ ಕಪ್ಪು ಪುಡಿ ಕಡಿಮೆ. ಎರಡನೇ ಗೇರಿನಲ್ಲಿ ಘಾಟಿ ಇಳಿಯುವಾಗ ಹಿಡಿತ ಎಲ್ಲೂ ಸಡಿಲವಾಗಿಲ್ಲ. ಆದರೆ ಚಳಿಗಾಲದ ಬೆಳಗ್ಗೆ ಮೊದಲ ಒಂದೆರಡು ಬ್ರೇಕಿಗೆ ಲೋಹ ಬೆರೆತ ಹಳೆ ಸೆಮಿ-ಮೆಟಾಲಿಕ್ ಪ್ಯಾಡಿಗಿಂತ ಜೋರಾಗಿ ಒತ್ತಬೇಕು. ಒಂದು ಸ್ಟಾರ್ ಕಡಿತ ಅದಕ್ಕೆ: ಐದಕ್ಕೆ ನಾಲ್ಕು. ಮಳೆಗಾಲದಲ್ಲಿ ರಾತ್ರಿ ನಿಂತ ಕಾರು ಬೆಳಗ್ಗೆ ಕರಕರ ಅಂದರೆ ಪ್ಯಾಡನ್ನು ಸುಮ್ನೆ ಬೈಯಬೇಡಿ. ಅದು ಡಿಸ್ಕಿನ ಮೇಲಿನ ತೆಳು ತುಕ್ಕು, ನಾಲ್ಕು ಬ್ರೇಕಿಗೆ ಹೋಗುತ್ತದೆ.

ಬಲಗಡೆಯ ಬೂಟ್ ಈಗ ಬಿರುಕು ಬಿಡುತ್ತಿದೆ. ಕಿಟ್ ತಂದಿಟ್ಟಿದ್ದೇನೆ, ಮಳೆ ಹಿಡಿಯುವುದರೊಳಗೆ ಹಾಕಬೇಕು.